ಕುದುರೆ ಪಂದ್ಯದ ಉದ್ಯಮ: ತೆರಿಗೆ, ನೆಲ ಮತ್ತು ಮುಂದಿನ ದಾರಿ

2025ರ ಸೆಪ್ಟೆಂಬರ್ 22ರಿಂದ ಕುದುರೆ ಪಂದ್ಯದ ಬಾಜಿಯ ಮೇಲಿನ ಸರಕು ಮತ್ತು ಸೇವಾ ತೆರಿಗೆಯು ಶೇಕಡಾ 28ರಿಂದ 40ಕ್ಕೆ ಏರಿತು. ರೇಸಿಗೆ ಹೋಗದ ವರ್ತಕರಿಗೆ ಇದು ಸಂಬಂಧಿಸದ ಸುದ್ದಿಯೆಂದು ತೋರಬಹುದು. ಆದರೆ ತೆರಿಗೆಯನ್ನು ವಹಿವಾಟಿನ ಮೇಲೆ ವಿಧಿಸಬೇಕೇ, ಗಳಿಕೆಯ ಮೇಲೆ ವಿಧಿಸಬೇಕೇ ಎಂಬ ಹಳೆಯ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಅಪರೂಪ.

ರೇಸ್ ಕ್ಲಬ್ಬಿನ ಟೋಟಲೈಸೇಟರ್, ಅಂದರೆ ಬಾಜಿಯ ಹಣವನ್ನು ಒಟ್ಟುಗೂಡಿಸುವ ವ್ಯವಸ್ಥೆ, ಮಂಡಿಯ ಕಮಿಷನ್ ವ್ಯಾಪಾರವನ್ನು ಹೋಲುತ್ತದೆ. ಬಾಜಿದಾರರ ಹಣವೆಲ್ಲ ಒಂದು ನಿಧಿಗೆ ಸೇರುತ್ತದೆ. ಕ್ಲಬ್ಬು ತನ್ನ ಕಮಿಷನ್ನನ್ನು ಕಳೆದುಕೊಂಡು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತದೆ. ಕೋಲಾರದ ಟೊಮೇಟೊ ಮಂಡಿಯಲ್ಲಿ ಲಕ್ಷ ರೂಪಾಯಿಯ ಮಾಲು ಮಾರಿಸಿದವನ ವರಮಾನವು ಲಕ್ಷವಲ್ಲ, ಅವನ ಕಮಿಷನ್ ಮಾತ್ರ. ಈಗಿನ ನಿಯಮದಲ್ಲಿ ರೇಸಿನ ತೆರಿಗೆಯು ಕಮಿಷನ್ನಿನ ಮೇಲಲ್ಲ, ಬಾಜಿಯ ಪೂರ್ಣ ಮೌಲ್ಯದ ಮೇಲೆ ಬೀಳುತ್ತದೆ.

100 ರೂಪಾಯಿಯ ಬಾಜಿಗೆ ಕ್ಲಬ್ಬು 10 ರೂಪಾಯಿ ಇಟ್ಟುಕೊಳ್ಳುವುದೆಂದು ಭಾವಿಸೋಣ. ಕಮಿಷನ್ನಿನ ಮೇಲೆ ಶೇಕಡಾ 40 ಎಂದರೆ 4 ರೂಪಾಯಿ. ಪೂರ್ಣ ಮೌಲ್ಯದ ಮೇಲಾದರೆ 40 ರೂಪಾಯಿ. ಬಾಜಿದಾರರು 140 ರೂಪಾಯಿ ಕೊಟ್ಟರೆ ಅವರೆಲ್ಲರ ಕೈಗೆ ಒಟ್ಟಾಗಿ ಮರಳುವುದು 90. ನೋಂದಾಯಿತ ವರ್ತಕನು ತಾನು ತೆತ್ತ ತೆರಿಗೆಯನ್ನು ಜಮೆ ಪಡೆಯಬಲ್ಲನು. ಬಾಜಿದಾರನಿಗೆ ಆ ಅನುಕೂಲವಿಲ್ಲ. ಸಾಲದೆಂಬಂತೆ, ಗೆಲುವು 10,000 ರೂಪಾಯಿಯನ್ನು ಮೀರಿದರೆ ಶೇಕಡಾ 30ರಷ್ಟು ಆದಾಯ ತೆರಿಗೆಯು ಮೂಲದಲ್ಲೇ ಕಡಿತವಾಗುತ್ತದೆ. ರಸೀದಿಯಿಲ್ಲದೆ ಬಾಜಿ ಹಿಡಿಯುವ ಕಳ್ಳ ಬುಕ್ಕಿಗೆ ಇವೆರಡರ ಕಾಟವೂ ಇಲ್ಲ. ಹಣವು ಯಾವ ಕಡೆಗೆ ಹರಿಯುವುದೆಂದು ವರ್ತಕರಿಗೆ ವಿವರಿಸಬೇಕಾಗಿಲ್ಲ.

ಕುದುರೆ ಪಂದ್ಯವು ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿಯೇ ಹೇಳಿತು. ಬೆಂಗಳೂರು ಟರ್ಫ್ ಕ್ಲಬ್ಬಿನ ಅರ್ಜಿಯ ಮೇಲೆ 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠವು ಪೂರ್ಣ ಮೌಲ್ಯದ ಮೇಲಿನ ತೆರಿಗೆಯ ನಿಯಮವನ್ನು ರದ್ದುಪಡಿಸಿತು. ಆದರೆ 2023ರಲ್ಲಿ ಕಾಯಿದೆಗೇ ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ 1ರಿಂದ ಪೂರ್ಣ ಮೌಲ್ಯದ ಲೆಕ್ಕವು ಗಟ್ಟಿಯಾಯಿತು.

ಬೇರೆ ಉದ್ಯಮವಾದರೆ ತೆರಿಗೆ ಬದಲಾದೊಡನೆ ಉತ್ಪಾದನೆಯನ್ನು ತಗ್ಗಿಸಬಹುದು. ಥರೋಬ್ರೆಡ್ ತಳಿಯಲ್ಲಿ ಅದು ಸಾಧ್ಯವಿಲ್ಲ. ಈ ತಳಿಗೆ ಕೃತಕ ಗರ್ಭಧಾರಣೆಯನ್ನು ಒಪ್ಪುವುದಿಲ್ಲ. ಗಂಡು ಹೆಣ್ಣು ಸ್ವಾಭಾವಿಕವಾಗಿ ಕೂಡಿ ಹುಟ್ಟಿದ ಮರಿಗೆ ಮಾತ್ರ ವಂಶಾವಳಿ ಪುಸ್ತಕದಲ್ಲಿ ಸ್ಥಾನ. ಗರ್ಭದ ಅವಧಿ ಹನ್ನೊಂದು ತಿಂಗಳು. 2023ರ ಬೇಸಿಗೆಯಲ್ಲಿ, ತಿದ್ದುಪಡಿಗೆ ಮೊದಲು, ಗರ್ಭ ಕಟ್ಟಿದ ಮರಿಯು ಹುಟ್ಟುವುದು 2024ರಲ್ಲಿ. ಓಡುವ ವಯಸ್ಸಿಗೆ ಬರುವುದು 2026ರ ಕೊನೆಗೆ. ಅಷ್ಟರೊಳಗೆ ತೆರಿಗೆಯು ಎರಡು ಸಲ ಬದಲಾಗಿದೆ. ಅದರ ಮೇವು, ಲಾಯ, ಪಶುವೈದ್ಯರ ಖರ್ಚುಗಳು ಮಾತ್ರ ಯಾವ ತೀರ್ಪಿಗೂ ಕಾಯುವುದಿಲ್ಲ.

ಈ ಖರ್ಚನ್ನು ಕೊನೆಗೆ ಹೊರುವುದು ಪಂದ್ಯದ ಬಹುಮಾನದ ಹಣ. ಆ ಹಣಕ್ಕೆ ಮುಖ್ಯ ಮೂಲ ಬಾಜಿಯ ಕಮಿಷನ್. ಬಾಜಿ ಕುಗ್ಗಿದರೆ ಬಹುಮಾನ ಕುಗ್ಗುತ್ತದೆ, ಮಾಲೀಕನು ಹೊಸ ಕುದುರೆ ಕೊಳ್ಳುವುದಿಲ್ಲ, ತಳಿಗಾರನ ಮರಿಗೆ ಗಿರಾಕಿಯಿಲ್ಲ. ಇವರ ಹಿಂದೆ ತರಬೇತುದಾರರು, ಜಾಕಿಗಳು, ಲಾಯದ ಆಳುಗಳು, ಲಾಳ ಕಟ್ಟುವವರು, ತೊಗಲಿನ ಜೀನು ಹೊಲಿಯುವವರು, ಹುಲ್ಲು, ಓಟ್ಸ್, ತೌಡು, ಕ್ಯಾರೆಟ್ ಪೂರೈಸುವವರು ಇದ್ದಾರೆ. ಕುರುಡುಮಲೆಯಿಂದ ಬೆಂಗಳೂರಿನ ರೇಸ್ ಕೋರ್ಸು ಸುಮಾರು ನೂರು ಕಿಲೋಮೀಟರ್. ಮುಳಬಾಗಿಲು, ಮಾಲೂರು ಕಡೆಯ ತರಕಾರಿ ಮತ್ತು ಮೇವಿನ ವರ್ತಕರಿಗೆ ಅದು ಎಟುಕುವ ಮಾರುಕಟ್ಟೆಯೇ. (ನಮ್ಮ ಹುರುಳಿಗೆ ಇಂಗ್ಲಿಷಿನಲ್ಲಿ ಕುದುರೆಯ ಹೆಸರೇ ಇದ್ದರೂ ಓಟದ ಲಾಯಗಳಲ್ಲಿ ಓಟ್ಸಿಗೇ ಆದ್ಯತೆ.)

ಎರಡನೆಯ ಆತಂಕ ನೆಲದ್ದು. ಬೆಂಗಳೂರಿನ ನಡುಮಧ್ಯದ ಎಂಬತ್ತಕ್ಕೂ ಹೆಚ್ಚು ಎಕರೆ ರೇಸ್ ಕೋರ್ಸು ಸರ್ಕಾರದ ಜಮೀನು. ಗುತ್ತಿಗೆಯ ಅವಧಿಯು 2009ರಲ್ಲಿಯೇ ಮುಗಿಯಿತು. ಊರಾಚೆಗೆ ಸಾಗಿಸುವ ಪ್ರಸ್ತಾಪವು ಅಂದಿನಿಂದ ಹಲವು ಸಲ ಎದ್ದಿದೆ. 2024ರಲ್ಲಿ ಪರವಾನಗಿಯ ವಿವಾದವೂ ಹೈಕೋರ್ಟನ್ನು ಮುಟ್ಟಿತು. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ ಫಾರ್ಮಿನ ನಾನೂರಕ್ಕೂ ಹೆಚ್ಚು ಎಕರೆಯ ಮೇಲೂ ಅಭಿವೃದ್ಧಿ ಯೋಜನೆಗಳ ಕಣ್ಣು ಬಿದ್ದಿದೆ. ನೆರೆಯ ಚೆನ್ನೈನಲ್ಲಿ ಗಿಂಡಿಯ ರೇಸ್ ಕೋರ್ಸಿನ ಗುತ್ತಿಗೆಯನ್ನು ತಮಿಳುನಾಡು ಸರ್ಕಾರವು 2024ರ ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಿತು. ಅದೇ ವರ್ಷ ಮಕಾವಿನ ಪಂದ್ಯಗಳು ನಿಂತವು. ಸಿಂಗಪುರವು ಅಕ್ಟೋಬರ್ 5ರಂದು ಕೊನೆಯ ಪಂದ್ಯವನ್ನು ನಡೆಸಿ, ಮೈದಾನವನ್ನು ವಸತಿ ಮುಂತಾದ ಬಳಕೆಗೆ ಮರಳಿಸಲು ನಿರ್ಧರಿಸಿತು. ಹಾಂಗ್‌ಕಾಂಗ್ ಮಾತ್ರ ಇದಕ್ಕೆ ವ್ಯತಿರಿಕ್ತ: ಅಲ್ಲಿ ಬಾಜಿಯ ಏಕಸ್ವಾಮ್ಯವು ಜಾಕಿ ಕ್ಲಬ್ಬಿನದು, ಪಂದ್ಯದ ಮೇಲಿನ ತೆರಿಗೆಯು ಬಹುಮಾನ ಹಂಚಿದ ನಂತರ ಉಳಿದ ಹಣದ ಮೇಲೆ.

ಬಾಜಿಯು ಸಮಾಜಕ್ಕೆ ಕೇಡೆಂದು ವಾದಿಸುವವರ ಮಾತಿನಲ್ಲಿ ತಥ್ಯವಿಲ್ಲದಿಲ್ಲ. ಹೆಚ್ಚು ತೆರಿಗೆಗೆ ಅದೇ ಸಮರ್ಥನೆ. ಆದರೆ ತೆರಿಗೆಯ ದರವನ್ನು ಎಷ್ಟಾದರೂ ಇಡಲಿ, ಅದರ ಆಧಾರವು ಕಮಿಷನ್ ಆದ ಹೊರತು ಈ ಉದ್ಯಮವು ಚೇತರಿಸಿಕೊಳ್ಳುವ ಸಂಭವ ಕಡಿಮೆ. ಸ್ಥಳಾಂತರವಾಗುವುದಾದರೆ ದೀರ್ಘಾವಧಿಯ ಗುತ್ತಿಗೆಯೂ ಅಗತ್ಯ. ಮೂರು ವರ್ಷದ ಭರವಸೆಯನ್ನು ನಂಬಿ ನಾಲ್ಕು ವರ್ಷದ ಸರಕನ್ನು ಯಾರೂ ತಯಾರಿಸಲಾರರು. ಅಲ್ಲಿಯವರೆಗೆ ಲಾಯಗಳಿಗೆ ಮಾಲು ಪೂರೈಸುವವರು ಉದ್ದರಿಯ ಅವಧಿಯನ್ನು ಮೊಟಕಾಗಿರಿಸಿ, ಋತುವಿನ ಪಂದ್ಯದ ದಿನಗಳ ಸಂಖ್ಯೆಯನ್ನೂ ಬಹುಮಾನದ ಮೊತ್ತವನ್ನೂ ನೋಡಿಕೊಂಡು ಸಾಲ ಕೊಡುವುದು ಲೇಸು.