ಕೊಟ್ಟ ವಿಳಾಸವನ್ನೆಲ್ಲ ಕರ್ನಲ್ ನಂಬುವುದಿಲ್ಲ

ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುವ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠವಾಗಿರುವ ಪ್ರಶ್ನೆಯೊಂದಿದೆ: ‘ಯೂಸರ್ ಮೋಡ್‌ಗೂ ಕರ್ನಲ್ ಮೋಡ್‌ಗೂ ಏನು ವ್ಯತ್ಯಾಸ?’ ಉತ್ತರವೂ ಬಾಯಿಪಾಠವೇ. ನಾವು ಬರೆಯುವ ಪ್ರೋಗ್ರಾಂ ಯೂಸರ್ ಮೋಡ್‌ನಲ್ಲಿ ಓಡುತ್ತದೆ, ಅದಕ್ಕೆ ಅಧಿಕಾರ ಕಡಿಮೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಎಲ್ಲ ಅಧಿಕಾರವೂ ಉಂಟು. ಇಷ್ಟು ಹೇಳಿ ಮುಂದಿನ ಪ್ರಶ್ನೆಗೆ ಕಾಯುತ್ತೇವೆ.

ನಾನು ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ. ಈ ಉತ್ತರವನ್ನು ಪರೀಕ್ಷೆಯಲ್ಲಿ, ಅಣಕು ಸಂದರ್ಶನಗಳಲ್ಲಿ ಹಲವು ಸಲ ಒಪ್ಪಿಸಿದ್ದೇನೆ. ಆದರೆ ಅದರ ಬೆನ್ನಿಗೇ ಇರುವ ಇನ್ನೊಂದು ಪ್ರಶ್ನೆ ನನ್ನನ್ನು ಕೆಲವು ತಿಂಗಳಿಂದ ಕಾಡುತ್ತಿದೆ. ಅಧಿಕಾರವಿಲ್ಲದ ಪ್ರೋಗ್ರಾಂ, ಎಲ್ಲ ಅಧಿಕಾರವಿರುವ ಕರ್ನಲ್‌ಗೆ ಸುಳ್ಳು ವಿಳಾಸವೊಂದನ್ನು ಕೊಟ್ಟರೆ?

ಒಂದು ಫೈಲ್ ಓದಬೇಕು ಎನ್ನಿ. ‘ಈ ಫೈಲಿನಿಂದ 100 ಬೈಟ್ ತೆಗೆದು, ಮೆಮೊರಿಯ ಇಂಥ ವಿಳಾಸದಲ್ಲಿ ಇಡು’ ಎಂದು ಪ್ರೋಗ್ರಾಂ ಕೇಳಿಕೊಳ್ಳುತ್ತದೆ. ಇದೇ ಸಿಸ್ಟಂ ಕಾಲ್. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಎಲ್ಲ ಬೀಗದ ಕೈಗಳೂ ಇರುವ ಗುಮಾಸ್ತರನ್ನು ನೆನೆಸಿಕೊಳ್ಳಿ. ಅರ್ಜಿದಾರ ಒಳಗೆ ಹೋಗುವಂತಿಲ್ಲ. ಆದರೆ ‘ಈ ಕಾಗದವನ್ನು ಒಳಗಿನ ಹನ್ನೆರಡನೇ ಕಪಾಟಿನಲ್ಲಿಡಿ ಸ್ವಾಮಿ’ ಎಂದು ಚೀಟಿ ಬರೆದುಕೊಟ್ಟರೆ, ಗುಮಾಸ್ತರು ನೋಡದೆ ಇಟ್ಟುಬಿಟ್ಟರೆ ಗತಿಯೇನು? ಕರ್ನಲ್ ತನ್ನದೇ ಮೆಮೊರಿಯಲ್ಲಿ ‘ಈ ಪ್ರೋಗ್ರಾಂನ ಮಾಲೀಕ ಯಾರು’ ಎಂದು ಬರೆದಿಟ್ಟುಕೊಂಡಿರುತ್ತದೆ. ಆ ಜಾಗದ ವಿಳಾಸವನ್ನೇ ಕೊಟ್ಟು, ಕರ್ನಲ್ ಕೈಯಿಂದಲೇ ಅಲ್ಲಿ ಸೊನ್ನೆ ಬರೆಸಿದರೆ, ಸಾಮಾನ್ಯ ಪ್ರೋಗ್ರಾಂ ಕ್ಷಣದಲ್ಲಿ ‘ರೂಟ್’ ಆಗಿಬಿಡುತ್ತದೆ.

ಆದ್ದರಿಂದ ಕರ್ನಲ್ ಎರಡು ವಿಷಯ ಖಚಿತಪಡಿಸಿಕೊಳ್ಳಬೇಕು. ಒಂದು, ಈ ವಿಳಾಸ ಪ್ರೋಗ್ರಾಂಗೆ ಸೇರಿದ ವ್ಯಾಪ್ತಿಯಲ್ಲಿದೆಯೇ? ಎರಡು, ಅಲ್ಲಿ ನಿಜಕ್ಕೂ ಮೆಮೊರಿ ಇದೆಯೇ? ಮೊದಲನೆಯದು ಸುಲಭ, ಎರಡು ಸಂಖ್ಯೆಗಳನ್ನು ಹೋಲಿಸಿದರಾಯಿತು. ಲಿನಕ್ಸ್‌ನಲ್ಲಿ ಇದಕ್ಕೆ ‘ಆಕ್ಸೆಸ್ ಓಕೆ’ ಎಂದು ಹೆಸರು. ಎರಡನೆಯದು ಕಷ್ಟ.

ಕೇಳಬೇಡ, ಮಾಡಿ ನೋಡು

1991ರಲ್ಲಿ ಲಿನುಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆಯಲು ಶುರು ಮಾಡಿದ್ದು ಇಂಟೆಲ್ 80386 ಪ್ರೊಸೆಸರ್ ಮೇಲೆ. ಅದಕ್ಕೊಂದು ವಿಚಿತ್ರ ಗುಣವಿತ್ತು. ಕರ್ನಲ್ ಮೋಡ್‌ನಲ್ಲಿದ್ದಾಗ ‘ಇಲ್ಲಿ ಬರೆಯಬಾರದು’ ಎಂಬ ಗುರುತನ್ನು ಅದು ಲೆಕ್ಕಿಸುತ್ತಲೇ ಇರಲಿಲ್ಲ. ಹಾಗಾಗಿ ಬರೆಯುವ ಮೊದಲು ಪ್ರತಿ ಪುಟವನ್ನೂ ಕರ್ನಲ್ ಕೈಯಾರೆ ಪರಿಶೀಲಿಸಬೇಕಿತ್ತು. ಈ ಕೊರತೆಯನ್ನು ಇಂಟೆಲ್ ಸರಿಪಡಿಸಿದ್ದು ಮುಂದಿನ 486ರಲ್ಲಿ.

ಮೊದಲೇ ಪರಿಶೀಲಿಸುವುದರಲ್ಲಿ ಎರಡು ತೊಡಕು. ಸುಳ್ಳು ವಿಳಾಸ ಬರುವುದು ಅಪರೂಪ, ಆದರೆ ತಪಾಸಣೆಯ ಖರ್ಚು ಪ್ರತಿ ಸಲವೂ ಬೀಳುತ್ತದೆ. ಇನ್ನೊಂದು, ಪರಿಶೀಲಿಸಿ ಮುಗಿಸುವಷ್ಟರಲ್ಲಿ ಅದೇ ಪ್ರೋಗ್ರಾಂನ ಮತ್ತೊಂದು ಥ್ರೆಡ್ ಆ ಮೆಮೊರಿಯನ್ನು ಬಿಟ್ಟುಕೊಟ್ಟಿರಬಹುದು.

1996ರಲ್ಲಿ ಶುರುವಾದ ಲಿನಕ್ಸ್ 2.1 ಸರಣಿಯಲ್ಲಿ ಇದಕ್ಕೊಂದು ಜಾಣ ಪರಿಹಾರ ಬಂತು. ವ್ಯಾಪ್ತಿಯನ್ನು ಮಾತ್ರ ಮೊದಲು ನೋಡುವುದು, ಆಮೇಲೆ ನೇರವಾಗಿ ನಕಲು ಮಾಡತೊಡಗುವುದು. ಅಲ್ಲಿ ಮೆಮೊರಿ ಇಲ್ಲದಿದ್ದರೆ ಪ್ರೊಸೆಸರ್ ತಾನಾಗಿಯೇ ‘ಪೇಜ್ ಫಾಲ್ಟ್’ ಎಂದು ಕೂಗುತ್ತದೆ. ಆಗ ಕರ್ನಲ್ ಒಂದು ಪಟ್ಟಿ ತೆರೆಯುತ್ತದೆ. ಯೂಸರ್ ಮೆಮೊರಿಯನ್ನು ಮುಟ್ಟುವ ತನ್ನ ಪ್ರತಿಯೊಂದು ಸೂಚನೆಯ ಎದುರಿಗೆ ‘ಇಲ್ಲಿ ಎಡವಿದರೆ ಅಲ್ಲಿಗೆ ಹೋಗು’ ಎಂದು ಅದರಲ್ಲಿ ಬರೆದಿರುತ್ತದೆ. ಅದರಂತೆ ಪಕ್ಕಕ್ಕೆ ಸರಿದು, ಪ್ರೋಗ್ರಾಂಗೆ ‘ಬ್ಯಾಡ್ ಅಡ್ರೆಸ್’ ಎಂಬ ದೋಷ ಸಂದೇಶ ಕೊಟ್ಟು ವಾಪಸ್ ಬರುತ್ತದೆ. ಪಟ್ಟಿಯಲ್ಲಿ ಇಲ್ಲದ ಜಾಗದಲ್ಲಿ ಕರ್ನಲ್ ಎಡವಿದರೆ ಮಾತ್ರ ಅದು ಕರ್ನಲ್‌ನದೇ ದೋಷ.

ಇದನ್ನು ನೀವೂ ನೋಡಬಹುದು. ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇರುವ 64 ಬಿಟ್ ಲಿನಕ್ಸ್ ಲ್ಯಾಪ್‌ಟಾಪ್ ಸಾಕು. ಸಿ ಭಾಷೆಯಲ್ಲಿ 1 ಎಂಬ ವಿಳಾಸವನ್ನು ನೇರವಾಗಿ ಓದಿ, ಪ್ರೋಗ್ರಾಂ ‘ಸೆಗ್ಮೆಂಟೇಶನ್ ಫಾಲ್ಟ್’ ಎಂದು ಸಾಯುತ್ತದೆ. ಅದೇ ವಿಳಾಸದಿಂದ ಹತ್ತು ಬೈಟ್‌ಗಳನ್ನು ಪರದೆಗೆ ಬರೆಯುವಂತೆ ‘ರೈಟ್’ ಸಿಸ್ಟಂ ಕಾಲ್‌ಗೆ ಹೇಳಿ. ಈ ಸಲ ಪ್ರೋಗ್ರಾಂ ಸಾಯುವುದಿಲ್ಲ, ‘ಬ್ಯಾಡ್ ಅಡ್ರೆಸ್’ ಎಂಬ ಉತ್ತರ ಬರುತ್ತದೆ. ಈಗ ಪರದೆಯ ಬದಲು, ಕೊಟ್ಟಿದ್ದನ್ನೆಲ್ಲ ಎಸೆದುಬಿಡುವ ‘ಡೆವ್ ನಲ್’ ಫೈಲಿಗೆ ಬರೆಯಿರಿ. ‘ಹತ್ತು ಬೈಟ್ ಬರೆದಾಯಿತು’ ಎನ್ನುತ್ತದೆ! ಎಸೆಯುವ ವಸ್ತುವನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ, ಹಾಗಾಗಿ ಎಡವಲೂ ಇಲ್ಲ. ಕೊನೆಗೆ ಅದೇ ‘ಡೆವ್ ನಲ್’ಗೆ ಕರ್ನಲ್ ವ್ಯಾಪ್ತಿಯ ದೊಡ್ಡ ವಿಳಾಸವೊಂದನ್ನು ಕೊಡಿ. ಮತ್ತೆ ‘ಬ್ಯಾಡ್ ಅಡ್ರೆಸ್’. ಮೊದಲ ಬಾಗಿಲಲ್ಲೇ ತಡೆದಾಯಿತು. ಎರಡು ಬಾಗಿಲುಗಳೂ ಬೇರೆ ಬೇರೆ ಎಂಬುದು ನಾಲ್ಕು ಸಾಲಿನ ಪ್ರಯೋಗದಲ್ಲಿ ಕಣ್ಣಿಗೆ ಕಾಣುತ್ತದೆ.

ಒಂದೊಂದು ಪ್ರೊಸೆಸರ್, ಒಂದೊಂದು ರೀತಿ

ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ್ದು ಬೇರೆ ಬೇರೆ ಪ್ರೊಸೆಸರ್‌ಗಳು ಈ ಕೆಲಸವನ್ನು ಮಾಡುವ ಬಗೆ. ಇಂಟೆಲ್‌ನಲ್ಲಿ ಕರ್ನಲ್ ಮತ್ತು ಪ್ರೋಗ್ರಾಂ ಒಂದೇ ವಿಳಾಸಪಟ್ಟಿಯನ್ನು ಹಂಚಿಕೊಂಡಿವೆ. ಆದ್ದರಿಂದ ಡ್ರೈವರ್ ಬರೆಯುವವರು ನಿಯಮ ಬಿಟ್ಟು ಯೂಸರ್ ಪಾಯಿಂಟರನ್ನು ನೇರವಾಗಿ ಮುಟ್ಟಿದರೂ ಹಿಂದೆ ಅದು ‘ಕೆಲಸ ಮಾಡುತ್ತಿತ್ತು’. 2014ರ ಬ್ರಾಡ್‌ವೆಲ್ ಪೀಳಿಗೆಯಿಂದ ಇಂಟೆಲ್ ಇದಕ್ಕೆ ಬೀಗ ಹಾಕಿತು. ‘ಸ್ಮ್ಯಾಪ್’ ಎಂಬ ಈ ವ್ಯವಸ್ಥೆಯಲ್ಲಿ ಎಸ್‌ಟಿಎಸಿ ಎಂಬ ಸೂಚನೆ ಬೀಗ ತೆಗೆಯುತ್ತದೆ, ಸಿಎಲ್‌ಎಸಿ ಮತ್ತೆ ಹಾಕುತ್ತದೆ. ನಡುವಿನ ಅಷ್ಟು ಹೊತ್ತು ಮಾತ್ರ ಕರ್ನಲ್ ಯೂಸರ್ ಮೆಮೊರಿಯನ್ನು ಮುಟ್ಟಬಹುದು. ಆರ್ಮ್‌ನಲ್ಲಿ ಇದೇ ಕೆಲಸಕ್ಕೆ 8.1 ಆವೃತ್ತಿಯಿಂದ ‘ಪ್ಯಾನ್’ ಇದೆ. ಜೊತೆಗೆ, ಕರ್ನಲ್ ಓಡಿಸಿದರೂ ಪ್ರೋಗ್ರಾಂಗೆ ಇರುವಷ್ಟೇ ಅಧಿಕಾರ ಬಳಸುವ ವಿಶೇಷ ಸೂಚನೆಗಳಿವೆ. ಗುಮಾಸ್ತರು ಅರ್ಜಿದಾರನ ಕೀಲಿಯನ್ನೇ ಹಿಡಿದು ಹೋದ ಹಾಗೆ. ರಿಸ್ಕ್-ಫೈವ್‌ನಲ್ಲಿ ‘ಸಮ್’ ಎಂಬ ಒಂದೇ ಬಿಟ್ ಇದನ್ನು ನಿರ್ಧರಿಸುತ್ತದೆ.

ಐಬಿಎಂ ಮೇನ್‌ಫ್ರೇಮ್‌ನ ದಾರಿಯೇ ಬೇರೆ. ಅಲ್ಲಿ ಕರ್ನಲ್‌ನ ವಿಳಾಸಲೋಕವೇ ಒಂದು, ಪ್ರೋಗ್ರಾಂನದೇ ಇನ್ನೊಂದು. ಒಂದೇ ಸಂಖ್ಯೆ ಎರಡು ಕಡೆ ಎರಡು ಜಾಗವನ್ನು ತೋರಿಸುತ್ತದೆ, ಎರಡರ ನಡುವೆ ಸಾಗಿಸಲು ಪ್ರತ್ಯೇಕ ಸೂಚನೆ ಬೇಕು. ಇಂಟೆಲ್ ಮೇಲೆ ‘ನನ್ನ ಮಷೀನಿನಲ್ಲಿ ಓಡುತ್ತೆ’ ಎಂದು ಬೀಗಿದ ಕೋಡ್ ಅಲ್ಲಿ ಮೊದಲ ದಿನವೇ ಬಿದ್ದುಹೋಗುತ್ತದೆ. ಇಷ್ಟೆಲ್ಲ ಭಿನ್ನತೆಯನ್ನೂ ಲಿನಕ್ಸ್ ‘ಕಾಪಿ ಫ್ರಮ್ ಯೂಸರ್’, ‘ಕಾಪಿ ಟು ಯೂಸರ್’ ಎಂಬ ಹೆಸರುಗಳ ಹಿಂದೆ ಅಡಗಿಸಿಟ್ಟಿದೆ. ಡ್ರೈವರ್ ಬರೆಯುವವರು ಇವನ್ನು ಬಳಸಿದರೆ ಸಾಕು.

ಒಂದು ತಪಾಸಣೆ ತಪ್ಪಿದರೆ

ಇದೆಲ್ಲ ಪುಸ್ತಕದ ಬದನೆಕಾಯಿ ಅನ್ನಿಸಿದರೆ ಈ ಎರಡು ಪ್ರಕರಣ ನೋಡಿ. ಆರ್ಮ್ ಪ್ರೊಸೆಸರ್‌ಗಳ ಲಿನಕ್ಸ್‌ನಲ್ಲಿ ‘ಗೆಟ್ ಯೂಸರ್’, ‘ಪುಟ್ ಯೂಸರ್’ ಎಂಬ ಚಿಕ್ಕ ಸಾಧನಗಳು ಕೆಲವು ವಿಳಾಸಗಳನ್ನು ಪರಿಶೀಲಿಸುತ್ತಿರಲಿಲ್ಲ. 2012ರ 3.5.5 ಆವೃತ್ತಿಯಲ್ಲೇ ಇದನ್ನು ಸರಿಪಡಿಸಲಾಗಿತ್ತು. ಆದರೂ 2013ರ ಅಕ್ಟೋಬರ್, ನವೆಂಬರ್‌ನಲ್ಲಿ ಆಂಡ್ರಾಯ್ಡ್ ಫೋನ್‌ಗಳ ಮೇಲೆ ಇದೇ ರಂಧ್ರದ ಮೂಲಕ ದಾಳಿ ನಡೆಯಿತು. ಔಷಧ ಸಿದ್ಧವಿತ್ತು, ರೋಗಿಗೆ ತಲುಪಿರಲಿಲ್ಲ. ಊರಿನಲ್ಲಿರುವ ಅಪ್ಪನ ಫೋನಿಗೂ ಅಪ್‌ಡೇಟ್ ಬರುವುದು ನಿಂತು ಎರಡು ವರ್ಷವಾಯಿತು. ಡೇರಿಯ ಹಾಲಿನ ದುಡ್ಡು ಜಮೆಯಾದ ಸಂದೇಶ, ಬ್ಯಾಂಕಿನ ಒಟಿಪಿ ಎಲ್ಲವೂ ಅದರಲ್ಲೇ. ಈ ಪ್ರಕರಣ ಓದಿದ ದಿನ ನನಗೆ ಮೊದಲು ನೆನಪಾದದ್ದು ಆ ಫೋನು.

ಎರಡನೆಯದು 2017ರದು. ಪ್ರತಿ ಸಲ ಬೀಗ ತೆಗೆದು ಹಾಕುವ ಸಮಯ ಉಳಿಸಲು, ಒಮ್ಮೆ ತೆಗೆದು ಹಲವು ಬಾರಿ ಬರೆದು ಮುಚ್ಚುವ ದಾರಿಯನ್ನು ಲಿನಕ್ಸ್ ಕಂಡುಕೊಂಡಿತ್ತು. ಆ ವೇಗದ ದಾರಿಯಲ್ಲಿ ವ್ಯಾಪ್ತಿಯ ತಪಾಸಣೆಯನ್ನು ಕೋಡ್ ಬರೆಯುವವರೇ ನೆನಪಿಟ್ಟು ಮಾಡಬೇಕಿತ್ತು. ‘ವೇಟ್ ಐಡಿ’ ಎಂಬ ಸಿಸ್ಟಂ ಕಾಲ್‌ನಲ್ಲಿ ಅದು ತಪ್ಪಿಹೋಯಿತು, 4.13 ಆವೃತ್ತಿಯೊಂದಿಗೆ ಹೊರಗೂ ಬಂತು. ಆ ತಪಾಸಣೆಯನ್ನು ಸೇರಿಸಿ ಸರಿಪಡಿಸಿದ ಮೇಲೂ ಕೆಲಸ ನಿಲ್ಲಲಿಲ್ಲ. 2019ರಲ್ಲಿ, ಬೀಗ ತೆಗೆಯುವ ಕಾರ್ಯವೇ ತಪಾಸಣೆಯನ್ನೂ ಮಾಡುವಂತೆ ಬದಲಾಯಿಸಲಾಯಿತು. ‘ಮರೆಯಬೇಡಿ’ ಎಂದು ಬೋರ್ಡ್ ಹಾಕುವುದಕ್ಕಿಂತ, ಮರೆಯಲು ಅವಕಾಶವೇ ಇಲ್ಲದಂತೆ ಕಟ್ಟುವುದು ಮೇಲು. ಎಂಜಿನಿಯರಿಂಗ್ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈಗ ಇದನ್ನೇ ಉದಾಹರಣೆ ಕೊಡುತ್ತೇನೆ.

ನಮಗೇನು ಉಪಯೋಗ?

ಕೆಲಸ ಹುಡುಕುವವರಿಗೆ ಇದರಿಂದ ಲಾಭವಿದೆಯೇ ಎಂದು ರೂಂಮೇಟ್ ಕೇಳಿದ. ನೇರವಾಗಿ ಹೇಳುತ್ತೇನೆ, ಇದನ್ನು ಓದಿದ ಮಾತ್ರಕ್ಕೆ ಕೆಲಸ ಸಿಗುತ್ತದೆಂಬ ಭರವಸೆ ನಾನು ಕೊಡಲಾರೆ. ಆದರೆ ವೆಬ್‌ಸೈಟ್ ಕಟ್ಟಬಲ್ಲವರ ಸಾಲು ಉದ್ದವಿದೆ. ಚಿಪ್ ಮತ್ತು ಸಾಫ್ಟ್‌ವೇರ್ ಸಂಧಿಸುವ ಜಾಗದಲ್ಲಿ ನಿಂತು ಮಾತಾಡಬಲ್ಲವರ ಸಾಲು ಅಷ್ಟು ಉದ್ದವಿಲ್ಲ. ಐಐಟಿ ಮದ್ರಾಸ್‌ನ ‘ಶಕ್ತಿ’, ಸಿ-ಡ್ಯಾಕ್‌ನ ‘ವೇಗ’ ಪ್ರೊಸೆಸರ್‌ಗಳು ರಿಸ್ಕ್-ಫೈವ್ ಮೇಲೆ ನಿಂತಿವೆ. ಅವುಗಳಿಗೂ ಇದೇ ಪಾಠ ಬೇಕು.

ದುಬಾರಿ ಕೋರ್ಸ್ ಬೇಕಿಲ್ಲ. ಲಿನಕ್ಸ್‌ನ ಮೂಲಕೋಡ್ ಉಚಿತ. ‘ಕ್ಯೂಎಮು’ ಎಂಬ ಉಚಿತ ಸಾಫ್ಟ್‌ವೇರ್ ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಆರ್ಮ್, ರಿಸ್ಕ್-ಫೈವ್ ಯಂತ್ರಗಳನ್ನು ಓಡಿಸುತ್ತದೆ. ಲಿನಕ್ಸ್ ದೊಡ್ಡದೆನಿಸಿದರೆ ಅಮೆರಿಕದ ಎಂಐಟಿ ಪಾಠಕ್ಕೆಂದೇ ಬರೆದ ‘ಎಕ್ಸ್‌ವಿ6’ ಎಂಬ ಪುಟ್ಟ ಕರ್ನಲ್‌ನಿಂದ ಶುರು ಮಾಡಿ. ಅದರಲ್ಲಿ ‘ಕಾಪಿ ಇನ್’, ‘ಕಾಪಿ ಔಟ್’ ಎಂಬ ಎರಡು ಚಿಕ್ಕ ಫಂಕ್ಷನ್‌ಗಳು ಈ ಇಡೀ ಕಥೆಯನ್ನು ಒಂದೊಂದು ಪುಟದೊಳಗೆ ಹೇಳುತ್ತವೆ.

ಓದಿ ಮುಗಿಸಿದ ಮೇಲೆ ಈ ಪ್ರಶ್ನೆಗೆ ಉತ್ತರ ಹುಡುಕಿ. ಪ್ರೋಗ್ರಾಂನ ಮೆಮೊರಿಯಿಂದ ಕರ್ನಲ್ ‘ಉದ್ದ’ವನ್ನು ಓದಿ, ಸರಿಯಿದೆ ಎಂದು ನೋಡಿಕೊಂಡಿತು. ಆಮೇಲೆ ನಕಲು ಮಾಡುವಾಗ ಅದೇ ಉದ್ದವನ್ನು ಅಲ್ಲಿಂದಲೇ ಮತ್ತೊಮ್ಮೆ ಓದಿತು. ಎರಡೂ ಸಲ ವಿಳಾಸ ಸರಿ, ತಪಾಸಣೆ ಸರಿ, ಬೀಗವೂ ಸರಿ. ಆದರೂ ಇಲ್ಲೊಂದು ಅಪಾಯವಿದೆ. ಸಂದರ್ಶನದಲ್ಲಿ ‘ಯೂಸರ್ ಮೋಡ್, ಕರ್ನಲ್ ಮೋಡ್’ ಪ್ರಶ್ನೆ ಬಂದಾಗ, ಬಾಯಿಪಾಠದ ಉತ್ತರ ಮುಗಿಸಿ ಈ ಅಪಾಯ ಏನೆಂದು ಎರಡು ವಾಕ್ಯದಲ್ಲಿ ವಿವರಿಸಿ ನೋಡಿ. ಅಲ್ಲಿಂದ ಮುಂದಿನ ಮಾತುಕತೆ ಖಂಡಿತ ಬೇರೆಯಾಗಿರುತ್ತದೆ.