ಹೋಟೆಲ್ ರುಚಿಯ ಗುಟ್ಟು: ನಂಬಿಕೆ ಎಷ್ಟು, ನಿಜ ಎಷ್ಟು?

ಭಾನುವಾರ ಬೆಳಿಗ್ಗೆ ದರ್ಶಿನಿಯಲ್ಲಿ ಗರಿಗರಿ ಮಸಾಲೆ ದೋಸೆ ಮುರಿಯುವಾಗ ‘ಇದು ಮನೇಲಿ ಬರಲ್ಲ ಬಿಡಿ’ ಎನ್ನುವ ಮಾತು ಒಬ್ಬರಿಂದಲಾದರೂ ಬಂದೇ ಬರುತ್ತದೆ. ಅದರ ಹಿಂದೆಯೇ ‘ಏನೋ ಬೆರೆಸಿರ್ತಾರೆ’ ಎಂಬ ಅನುಮಾನವೂ ಬರುತ್ತದೆ. ಹೋಟೆಲ್ ತಿಂಡಿಯ ಬಗ್ಗೆ ನಮ್ಮಲ್ಲಿರುವುದು ಅತಿಯಾದ ಬೆರಗು, ಇಲ್ಲವೇ ಅತಿಯಾದ ಭಯ. ಎರಡೂ ಹುಟ್ಟುವುದು ಕಾರಣ ತಿಳಿಯದಿರುವುದರಿಂದ. ಅಡುಗೆ ಕಲಿಯಲು ಹೊರಟವರು ಈ ತಪ್ಪು ಕಲ್ಪನೆಗಳನ್ನು ಮೊದಲು ಬಿಟ್ಟರೆ ಅರ್ಧ ದಾರಿ ಸವೆದಂತೆ.

ತಪ್ಪು ಕಲ್ಪನೆ: ಹೋಟೆಲ್ ದೋಸೆ ಕೆಂಪಗೆ, ಗರಿಯಾಗಿ ಬರುವುದು ಸೋಡಾದಿಂದ

ಸತ್ಯ: ಸೋಡಾ ಹಾಕುವವರು ಇದ್ದಾರೆ, ಅದು ಬಣ್ಣವನ್ನು ಬೇಗ ತರುವುದೂ ನಿಜ. ಆದರೆ ಒಳ್ಳೆಯ ದೋಸೆಗೆ ಅದು ಬೇಕಿಲ್ಲ. ಹೆಚ್ಚಾದರೆ ಸಾಬೂನಿನಂಥ ಒಗರು ನಾಲಿಗೆಗೆ ತಟ್ಟುತ್ತದೆ. ಹಿಟ್ಟು ಹುದುಗುವಾಗ ಸಕ್ಕರೆಯ ಅಂಶವೂ ಅಮೈನೋ ಆಮ್ಲಗಳೂ ಬಿಡುಗಡೆಯಾಗುತ್ತವೆ. ಬಿಸಿ ಕಾವಲಿಯ ಮೇಲೆ ಇವೆರಡೂ ಸೇರಿದಾಗ ಕೆಂಬಣ್ಣ, ಘಮ ಹುಟ್ಟುತ್ತವೆ. ಇದನ್ನು ಮೇಲಾರ್ಡ್ ಕ್ರಿಯೆ ಎನ್ನುತ್ತಾರೆ. ಅಕ್ಕಿ, ಉದ್ದಿನ ಜೊತೆ ಒಂದಿಷ್ಟು ಕಡಲೆಬೇಳೆ, ಅವಲಕ್ಕಿ, ಮೆಂತ್ಯ ನೆನೆಸಿ ರುಬ್ಬುವುದು ಈ ಬಣ್ಣಕ್ಕೂ ಗರಿಗೂ ನೆರವಾಗುತ್ತದೆ.

ಉಳಿದದ್ದು ಕಾವಲಿಯ ಕೆಲಸ. ಹೋಟೆಲಿನ ದಪ್ಪ ಕಬ್ಬಿಣದ ಕಾವಲಿ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ತಣ್ಣನೆಯ ಹಿಟ್ಟು ಬಿದ್ದರೂ ಅದರ ಕಾವು ಅಷ್ಟಾಗಿ ಇಳಿಯುವುದಿಲ್ಲ. ಮನೆಯ ತೆಳು ತವಾ ಹಿಟ್ಟು ಬಿದ್ದ ಕೂಡಲೇ ತಣಿಯುತ್ತದೆ. ದೋಸೆ ಹುಯ್ಯುವ ಮುನ್ನ ಭಟ್ಟರು ನೀರು ಚಿಮುಕಿಸಿ ಪೊರಕೆಯಿಂದ ಎಳೆಯುವುದು ಶಾಸ್ತ್ರಕ್ಕಲ್ಲ. ಕಾವಲಿ ಮಿತಿಮೀರಿ ಕಾದಿದ್ದರೆ ಹಿಟ್ಟು ಬಿದ್ದಲ್ಲೇ ಗಟ್ಟಿಯಾಗಿ ಸೌಟಿಗೆ ಅಂಟಿಕೊಳ್ಳುತ್ತದೆ. ನೀರು ಮೇಲ್ಮೈಯನ್ನು ಹದಕ್ಕೆ ಇಳಿಸಿದರೆ ಹಿಟ್ಟು ತೆಳ್ಳಗೆ ಹರಡುತ್ತದೆ. ಆಮೇಲೆ ಉರಿ ಏರಿಸಬೇಕು. ಮನೆಯಲ್ಲೂ ಇದೇ ಕ್ರಮ ಹಿಡಿಯಬಹುದು.

ಹಾಗೆಂದು ಸೋಡಾವನ್ನು ಖಳನಾಯಕನನ್ನಾಗಿಯೂ ಮಾಡಬೇಕಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಬೆಂಗಳೂರಿನ ಎಂಟಿಆರ್ ರವೆಯಿಂದ ಇಡ್ಲಿ ಮಾಡಿತು ಎಂಬುದು ಆ ಹೋಟೆಲಿನವರು ಹೇಳುತ್ತ ಬಂದಿರುವ ಕಥೆ. ರಾತ್ರಿಯಿಡೀ ಹುದುಗಿಸದೆಯೇ ಮಾಡುವ ರವೆ ಇಡ್ಲಿ ಉಬ್ಬಬೇಕಾದರೆ ಮೊಸರಿನ ಹುಳಿಯೂ ಸೋಡಾವೂ ಕೂಡಿ ಅನಿಲ ಹುಟ್ಟಬೇಕು. ಅಲ್ಲಿ ಸೋಡಾಕ್ಕೆ ನಿಜವಾದ ಕೆಲಸವಿದೆ.

ತಪ್ಪು ಕಲ್ಪನೆ: ಹಿಟ್ಟು ಹುದುಗಲು ಕೈಗುಣ ಬೇಕು

ಸತ್ಯ: ಹುದುಗಿಸುವ ಸೂಕ್ಷ್ಮಜೀವಿಗಳು ಉದ್ದಿನಬೇಳೆ ಮತ್ತು ಅಕ್ಕಿಯ ಜೊತೆಯಲ್ಲೇ ಬರುತ್ತವೆ. ಅವುಗಳಲ್ಲಿ ಮುಖ್ಯವಾದ ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಅನಿಲವನ್ನೂ ಹುಳಿಯನ್ನೂ ಉಂಟುಮಾಡುತ್ತದೆ. ಆ ಅನಿಲ ಹೊರಹೋಗದಂತೆ ಹಿಡಿದಿಡುವುದು ಉದ್ದಿನ ಪ್ರೋಟೀನ್ ಮತ್ತು ಲೋಳೆ. ಅದಕ್ಕೇ ಬೇರೆ ಬೇಳೆ ಹಾಕಿದರೆ ಅಷ್ಟು ಹಗುರಾದ ಇಡ್ಲಿ ಸಿಗುವುದಿಲ್ಲ.

ಹಿಟ್ಟು ಉಬ್ಬದಿದ್ದರೆ ಕೈಯನ್ನು ಬೈದುಕೊಳ್ಳುವ ಬದಲು ಚಳಿಯನ್ನು, ಹಳೆಯ ಉದ್ದನ್ನು, ಕಾವೇರಿದ ಮಿಕ್ಸಿಯನ್ನು ಅನುಮಾನಿಸಿ. ಡಿಸೆಂಬರಿನ ಬೆಂಗಳೂರಿಗೂ ಏಪ್ರಿಲ್‌ನ ಕಲಬುರಗಿಗೂ ಒಂದೇ ಲೆಕ್ಕ ನಡೆಯುವುದಿಲ್ಲ. ಚಳಿಗಾಲದಲ್ಲಿ ಪಾತ್ರೆಯನ್ನು ಬೆಚ್ಚಗಿನ ಮೂಲೆಯಲ್ಲಿಡಿ, ಹೆಚ್ಚು ಹೊತ್ತು ಕೊಡಿ. ಮಿಕ್ಸಿಯಲ್ಲಿ ರುಬ್ಬುವುದಾದರೆ ತಣ್ಣೀರು ಬಳಸಿ.

ತಪ್ಪು ಕಲ್ಪನೆ: ಮೊದಲೇ ಉಪ್ಪು ಹಾಕಿದರೆ ಬೇಳೆ ಬೇಯುವುದಿಲ್ಲ

ಸತ್ಯ: ಬೇಳೆಯನ್ನು ತಡೆಯುವುದು ಉಪ್ಪಲ್ಲ, ಹುಳಿ. ಬೇಳೆಯ ಜೀವಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಹುಣಸೆ, ಟೊಮ್ಯಾಟೊಗಳ ಆಮ್ಲದಲ್ಲಿ ಸುಲಭಕ್ಕೆ ಕರಗುವುದಿಲ್ಲ. ತೊಗರಿಬೇಳೆ ಮೆತ್ತಗಾದ ಮೇಲೆಯೇ ಹುಣಸೆ ರಸ ಬಿಡಬೇಕೆಂಬ ಅಜ್ಜಿಯರ ನಿಯಮ ಇಲ್ಲಿ ನೂರಕ್ಕೆ ನೂರು ಸರಿ. ಇನ್ನೊಂದು ಅಡ್ಡಿ ಗಡಸು ನೀರು: ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದೇ ಪೆಕ್ಟಿನ್ ಅನ್ನು ಇನ್ನಷ್ಟು ಬಿಗಿ ಮಾಡುತ್ತವೆ. ವರ್ಷಗಟ್ಟಲೆ ಡಬ್ಬಿಯಲ್ಲಿ ಕೂತ ಬೇಳೆಯೂ ಹಟ ಮಾಡುತ್ತದೆ. ಇಡಿಕಾಳುಗಳನ್ನಂತೂ ಉಪ್ಪು ನೀರಿನಲ್ಲಿ ನೆನೆಸಿದರೆ ಸಿಪ್ಪೆ ಮೆತ್ತಗಾಗಿ ಇನ್ನೂ ಚೆನ್ನಾಗಿ ಬೇಯುತ್ತವೆ.

ತಪ್ಪು ಕಲ್ಪನೆ: ಅಜಿನೊಮೊಟೊ ವಿಷ, ಕೆಂಪು ಬಣ್ಣವೆಂದರೆ ಖಾರ

ಸತ್ಯ: ಜಪಾನಿನ ವಿಜ್ಞಾನಿ ಕಿಕುನಾಯೆ ಇಕೆಡಾ 1908ರಲ್ಲಿ ಕಡಲಪಾಚಿಯ ಸಾರಿನಿಂದ ಬೇರ್ಪಡಿಸಿದ, ಅಜಿನೊಮೊಟೊಗೆ ರುಚಿ ಕೊಡುವ ಗ್ಲುಟಮೇಟ್ ಮಾಗಿದ ಟೊಮ್ಯಾಟೊದಲ್ಲೂ ಸಹಜವಾಗಿಯೇ ಇದೆ. 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ, ಚೀನೀ ಹೋಟೆಲಿನಲ್ಲಿ ಉಂಡ ಮೇಲೆ ಆಗುವ ತೊಂದರೆಗಳನ್ನು ಹೇಳುವ ಪತ್ರವೊಂದು ಅಚ್ಚಾಯಿತು. ಭಯ ಹರಡಿದ್ದು ಅಲ್ಲಿಂದ. ಆಮೇಲೆ ನಡೆದ ನಿಯಂತ್ರಿತ ಪ್ರಯೋಗಗಳಲ್ಲಿ ಊಟದಲ್ಲಿ ಸೇರುವಷ್ಟು ಪ್ರಮಾಣಕ್ಕೆ ಅಂಥ ತೊಂದರೆ ಸ್ಥಿರವಾಗಿ ಕಂಡುಬರಲಿಲ್ಲ. ಆದರೂ ಅಜಿನೊಮೊಟೊದಲ್ಲಿ ಸೋಡಿಯಂ ಇದೆ. ಉಪ್ಪು ಕಡಿಮೆ ತಿನ್ನಬೇಕಾದವರು ಲೆಕ್ಕ ಇಡಬೇಕು.

ನಾವು ನಿಜಕ್ಕೂ ಕಣ್ಣಿಡಬೇಕಾದದ್ದು ಬಣ್ಣದ ಮೇಲೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ ನಿಷೇಧ ಬಂತು. ಕಣ್ಣಿಗೆ ರಾಚುವ ಕೆಂಪು ಖಾರದಿಂದಲೂ ಬರುವುದಿಲ್ಲ, ರುಚಿಯಿಂದಲೂ ಬರುವುದಿಲ್ಲ. ಮನೆಯಲ್ಲಿ ಕೆಂಪು ಬೇಕೆನಿಸಿದರೆ ನಮ್ಮದೇ ಬ್ಯಾಡಗಿ ಮೆಣಸಿನಕಾಯಿ ಇದೆ: ಖಾರ ಕಡಿಮೆ, ಬಣ್ಣ ಧಾರಾಳ.

ತಪ್ಪು ಕಲ್ಪನೆ: ಹೊಗೆಯಾಡುತ್ತಿದ್ದರೆ ತಿನ್ನಬಹುದು

ಸತ್ಯ: ಬಿಸಿ ಎಲ್ಲ ದೋಷವನ್ನೂ ತೊಳೆಯುವುದಿಲ್ಲ. ಅನ್ನದಲ್ಲಿರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಉಳಿಯುತ್ತವೆ. ಅನ್ನವನ್ನು ಹೊರಗೆ ಗಂಟೆಗಟ್ಟಲೆ ಬಿಟ್ಟರೆ ಅವು ಬೆಳೆದು ವಿಷ ಉತ್ಪಾದಿಸಬಹುದು. ವಾಂತಿ ತರುವ ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ನಿನ್ನೆಯ ಅನ್ನದ ಚಿತ್ರಾನ್ನ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಆ ಅನ್ನ ಬೇಗ ಆರಿ ಫ್ರಿಜ್ ಸೇರಿರಬೇಕು.

ಬಿಸಿಯೇ ತೊಂದರೆ ತರುವುದೂ ಉಂಟು, ಮುಖ್ಯವಾಗಿ ಪ್ಲಾಸ್ಟಿಕ್ ಜೊತೆ ಸೇರಿದಾಗ. ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುವುದು ಪರೀಕ್ಷೆಯಲ್ಲಿ ಬಯಲಾದ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ನಿಷೇಧಿಸಿತು. ಸುಡುಸುಡು ಸಾಂಬಾರನ್ನು ತೆಳು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಸಿಕೊಳ್ಳುವ ಬದಲು ಪಾರ್ಸೆಲ್‌ಗೆ ಸ್ಟೀಲ್ ಡಬ್ಬಿ ಒಯ್ಯುವುದು ಒಳ್ಳೆಯ ಅಭ್ಯಾಸ.

ತಪ್ಪು ಕಲ್ಪನೆ: ಕಪ್ಪಗಿರುವ ಡಿಕಾಕ್ಷನ್ ಎಂದರೆ ಸ್ಟ್ರಾಂಗ್ ಕಾಫಿ

ಸತ್ಯ: ಆ ಕಪ್ಪು, ಆ ಮಂದ ಬಹುಪಾಲು ಚಿಕೋರಿಯದ್ದಾಗಿರಬಹುದು. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಅದು ಕಲಬೆರಕೆಯೂ ಅಲ್ಲ: ಕಾಫಿ ಕನಿಷ್ಠ ಶೇ 51 ಇರಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಬೇಕು ಎಂಬುದು ನಿಯಮ.

ತಪ್ಪು ಕಲ್ಪನೆ: ಬಿಲ್ಲಿನಲ್ಲಿ ಬಂದದ್ದೆಲ್ಲ ಕಡ್ಡಾಯ

ಸತ್ಯ: ಸರ್ವಿಸ್ ಚಾರ್ಜ್ ಸರ್ಕಾರದ ತೆರಿಗೆಯಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ವಿನಯದಿಂದಲೇ ಕೇಳಬಹುದು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಎಸ್‌ಟಿ ಬೇರೆ ಮಾತು: ಸಾಮಾನ್ಯ ಹೋಟೆಲುಗಳಲ್ಲಿ ಶೇ 5. ಆದರೆ ಸಣ್ಣ ವ್ಯಾಪಾರಿಗಳಿಗಿರುವ ಕಾಂಪೊಸಿಷನ್ ಎಂಬ ಸರಳ ತೆರಿಗೆ ಯೋಜನೆಯಲ್ಲಿರುವ ಹೋಟೆಲು ಗ್ರಾಹಕರಿಂದ ಪ್ರತ್ಯೇಕವಾಗಿ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ಬಿಲ್ಲಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಸಂಖ್ಯೆ ಇದೆಯೇ ಎಂದೂ ನೋಡಿ. ಬಡಿಸಿದವರ ಕೈಗೆ ನೀವು ಪ್ರೀತಿಯಿಂದ ಕೊಡುವ ಟಿಪ್ಸ್‌ಗೆ ಇದ್ಯಾವುದೂ ಅಡ್ಡಿಯಲ್ಲ.

ತಪ್ಪು ಕಲ್ಪನೆ: ಹೆಚ್ಚು ತಿನಿಸು ಕಲಿಸುವ ಅಡುಗೆ ತರಗತಿಯೇ ಒಳ್ಳೆಯದು

ಸತ್ಯ: ಒಂದೇ ದಿನದಲ್ಲಿ ಹತ್ತಾರು ತಿನಿಸು ತೋರಿಸುವ ತರಗತಿಯಲ್ಲಿ ಕಲಿಯುವವರ ಕೈಗೆ ಕೆಲಸವೇ ಸಿಗುವುದಿಲ್ಲ. ಹೊಸಬರಿಗೆ ಬೇಕಾದದ್ದು ಉರಿಯ ಅಂದಾಜು, ಚಾಕುವಿನ ಹಿಡಿತ, ಉಪ್ಪಿನ ಹದ, ಒಗ್ಗರಣೆಯ ಕ್ರಮ. ಸಾಸಿವೆ ಸಿಡಿದ ಮೇಲೆ ಉದ್ದಿನಬೇಳೆ, ಅದು ಕೆಂಪಾದ ಮೇಲೆ ಒಣಮೆಣಸು, ಕರಿಬೇವು, ಕೊನೆಗೆ ಇಂಗು ಎಂಬ ಸರದಿಗೆ ಕಾರಣವಿದೆ: ಒಂದೊಂದಕ್ಕೂ ಬೇಕಾದ ಕಾವು, ಹೊತ್ತು ಬೇರೆ. ಮಸಾಲೆಯ ಪರಿಮಳದ ಬಹುಪಾಲು ಎಣ್ಣೆಯಲ್ಲೇ ಕರಗುವುದರಿಂದ ಒಗ್ಗರಣೆ ಇಡೀ ಸಾರನ್ನು ಘಮಗುಡಿಸುತ್ತದೆ. ಇಷ್ಟು ಅರ್ಥವಾದರೆ ಪಲ್ಯ, ಸಾರು, ಚಿತ್ರಾನ್ನ, ಕೋಸಂಬರಿ ಎಲ್ಲಕ್ಕೂ ಬಾಗಿಲು ತೆರೆಯಿತು.

ಹಣ ಕಟ್ಟುವ ಮೊದಲು ಕೇಳಿ: ಒಂದು ಒಲೆಗೆ ಎಷ್ಟು ಜನ? ನಾನೇ ಮಾಡಬೇಕೋ, ನೋಡುವುದಷ್ಟೇನೋ? ಕೆಟ್ಟರೆ ಯಾಕೆ ಕೆಟ್ಟಿತೆಂದು ಹೇಳಿಕೊಡುತ್ತಾರೋ? ಬೇಕರಿ ತಿನಿಸು ಕಲಿಯುವ ಆಸೆಯಿದ್ದವರಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರವೇ ಇದೆ.

ತರಗತಿಗೆ ಸೇರಿದ ಮೇಲೂ ಹೋಟೆಲಿಗೆ ಹೋಗುವುದನ್ನು ಬಿಡಬೇಡಿ. ಒಂದು ವಾರ ದೋಸೆ ಕಲಿತಿದ್ದರೆ ಆ ಭಾನುವಾರ ಕಾವಲಿ ಕಾಣುವ ಕಡೆ ನಿಂತು ದೋಸೆಯನ್ನೇ ತಿನ್ನಿ. ಹಿಟ್ಟಿನ ಹದ, ಉರಿ ಏರಿಸುವ ಗಳಿಗೆ, ಎಣ್ಣೆ ಬಿಡುವ ಜಾಗ ನೋಡಿ. ಸಂದಣಿ ಕಡಿಮೆಯಿದ್ದಾಗ ಭಟ್ಟರನ್ನು ಕೇಳಿ. ತಮ್ಮ ಕೆಲಸದ ಬಗ್ಗೆ ಆಸ್ಥೆಯಿಂದ ಕೇಳಿದರೆ ಬಹಳಷ್ಟು ಮಂದಿ ಖುಷಿಯಿಂದಲೇ ಹೇಳುತ್ತಾರೆ.