ಪಂಪಿನ ಕೇಬಲ್ ಕಳ್ಳರು: ಎಷ್ಟು ಹೆದರಬೇಕು?

ಕಳ್ಳನಿಗೆ ಬೇಕಾದ್ದು ಕೇಬಲ್ ಅಲ್ಲ, ಅದರೊಳಗಿನ ತಾಮ್ರ. 4 ಚದರ ಮಿ.ಮೀ.ನ ಮೂರೆಳೆ ಕೇಬಲ್ 100 ಮೀಟರಿನಲ್ಲಿ 10 ಕಿಲೋಗೂ ಮಿಕ್ಕಿ ತಾಮ್ರವಿದೆ. ಹೊರಕವಚ ಸುಟ್ಟರೆ ಯಾರ ತೋಟದ್ದೆಂಬ ಗುರುತೂ ಉಳಿಯದು. ಅವನಿಗೆ ಗುಜರಿ ಬೆಲೆ. ನಮಗೆ ಹೊಸ ಕೇಬಲಿನ ಖರ್ಚು, ಮೇಲಿಂದ ಬೇಸಿಗೆಯಲ್ಲಿ ನೀರು ತಪ್ಪಿದ ನಷ್ಟ.

ಬೋರಿನೊಳಗಿಳಿದ ಕೇಬಲಿಗಿಂತ ಸ್ಟಾರ್ಟರಿನಿಂದ ಬೋರಿನವರೆಗೆ ನೆಲದ ಮೇಲೆ ಬಿದ್ದಿರುವ ಭಾಗಕ್ಕೇ ಅಪಾಯ ಹೆಚ್ಚು. ಅಲ್ಲಿಗೆ ಅಲ್ಯೂಮಿನಿಯಂನ ಆರ್ಮರ್ಡ್ ಕೇಬಲ್ ಹಾಕಿ, ಎರಡೂವರೆ ಅಡಿ ಆಳದಲ್ಲಿ ಹೂಳಿಬಿಡಿ. ಅಲ್ಯೂಮಿನಿಯಂನಲ್ಲಿ ಕರೆಂಟ್ ಹರಿಯುವುದು ಕಡಿಮೆ. ಹಾಗಾಗಿ 4ರ ತಾಮ್ರಕ್ಕೆ ಬದಲು 10ರದ್ದು ಬೇಕು. ಎರಡು ಲೋಹ ಸೇರುವಲ್ಲಿ ಬೈಮೆಟಲ್ ಕನೆಕ್ಟರ್, ಆರ್ಮರಿಗೆ ಅರ್ಥಿಂಗ್ ಮರೆಯಬೇಡಿ.

ಕಳ್ಳ ಹೆದರಲೆಂದು ತಂತಿಗೆ ಕರೆಂಟ್ ಬಿಡುವ ಸಾಹಸ ಮಾತ್ರ ಬೇಡವೇ ಬೇಡ. ಅದನ್ನು ಮೊದಲು ತುಳಿಯುವವರು ಮನೆಯವರೇ ಆಗಬಹುದು.